ಇಬ್ಬರ ನಡುವಿನ ಮಾರ್ಜಿನ್

ಪಕ್ಕದ ಮನೆಯವರು ಬಿದಿರಿನ ಕಣಿಲೆ ನೆನೆಹಾಕಿದ್ದಾರೆ. ಆ ವಾಸನೆ ಮೂಗಿಗೆ ಬಡಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎದುರುಮನೆ ಅತ್ತೆ ಮಳೆಗಾಲದಲ್ಲಿ ಕಣಿಲೆ ಪಲ್ಯದ ಡಬ್ಬಿ ಹಿಡಿದೇ ಬರುತ್ತಿದ್ದರು. ಡಬ್ಬಿ ಬಂತೆಂದರೆ ಏನೋ ಕೆಲಸ ಇದೆ ಎಂದೇ ಅರ್ಥ.

ಶನಿವಾರಸಂತೆ ಎಂಬ ಊರಿನಲ್ಲಿ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುವವಳು ನಾನು. ಅತ್ತೆಯ ಹೋಂಸ್ಟೇಗೂ ನಾನೇ ಮಾಡಿದ್ದು. ಅದರಲ್ಲಿ ಮನೆಯವರ ಫೋಟೋಗಳದ್ದೊಂದು ಸಾಲು. ಇಬ್ಬರು ಗಂಡುಮಕ್ಕಳ ನಡುವೆ ಹುಟ್ಟಿದ ಮಗಳು ಮನೆಯವರು ಒಪ್ಪದ ಮದುವೆಯಾಗಿ ಹೋಗಿದ್ದಳು. ಅವಳ ಹೆಸರೆತ್ತಿದರೆ ಮಾವ ಊಟ ಬಿಟ್ಟು ಏಳುತ್ತಿದ್ದರು.

“ಅವ್ಳ ಫೋಟೋ ಹಾಕ್ಬೇಡ ಮಗ, ಜಾಗ ಬಿಡು. ಜಾಗ ಬಿಡಕ್ಕೆ ಯಾರಪ್ಪನ ಅಪ್ಪಣೆ ಬೇಕು?” ಎಂದರು ಅತ್ತೆ.

ಅವಸರದಲ್ಲಿ ದೊಡ್ಡ ಮಗನ ಫೋಟೋಗೆ ಪ್ಯಾಡಿಂಗ್ ಕೊಟ್ಟೆ, ಅಂದರೆ ಚೌಕಟ್ಟಿನ ಒಳಗಿನ ಖಾಲಿ ಜಾಗ. ಒಳಗೆ ಜಾಗ ಹಿಗ್ಗಿ, ಅವನ ಚೌಕಟ್ಟೇ ತಂಗಿಯ ಜಾಗವನ್ನೂ ನುಂಗಿಕೊಂಡು ಕೂತಿತು. ಅತ್ತೆ ಕನ್ನಡಕ ಏರಿಸಿ, “ಇದೂ ಅವನ ಪಾಲಿಗೇ ಹೋಯ್ತಲ್ಲೇ... ಇಬ್ರ ನಡುವೆ ಬಿಡು” ಎಂದರು. ಸರಿ, ಪ್ಯಾಡಿಂಗ್ ತೆಗೆದು ಚೌಕಟ್ಟಿನ ಆಚೆಗೆ ಮಾರ್ಜಿನ್ ಕೊಟ್ಟೆ, ಒಂದು ಫೋಟೋ ಹಿಡಿಯುವಷ್ಟು ಖಾಲಿ ಜಾಗ. ಮೊಬೈಲಿನಲ್ಲಿ ಫೋಟೋಗಳು ಒಂದರ ಕೆಳಗೊಂದು ಬಂದಾಗಲೂ ಆ ಜಾಗ ಉಳಿಯುವಂತೆ ನೋಡಿಕೊಂಡೆ.

“ಅವ್ಳು ನೋಡೇ ನೋಡ್ತಾಳೆ. ಅಮ್ಮ ಜಾಗ ಇಟ್ಟವ್ಳೆ ಅಂತ ಬರ್ತಾಳೆ” ಎನ್ನುತ್ತಿದ್ದರು. ಅವಳ ನಂಬರು ಯಾರ ಹತ್ತಿರವೂ ಇರಲಿಲ್ಲ. ಮಾವ ತೀರಿಕೊಂಡ ಮೇಲೂ ಮಗಳು ಬರಲಿಲ್ಲ. ಬೀದಿಯಲ್ಲಿ ಸಿಕ್ಕಾಗಲೆಲ್ಲ ಅತ್ತೆಯದು ಒಂದೇ ಪ್ರಶ್ನೆ, ಜಾಗ ಇದೆಯೇನೇ ಎಂದು... ಹೋದ ಚಳಿಗಾಲದಲ್ಲಿ ಅವರೂ ಹೋದರು.

ಮೊನ್ನೆ ದೊಡ್ಡ ಮಗ, “ಅದು ಹಲ್ಲು ಬಿದ್ದಂಗೆ ಕಾಣ್ತದೆ, ಮುಚ್ಬಿಡು” ಎಂದ. ಅವನ ಮೇಲೆ ಸಿಟ್ಟು ಬಂತು. ಇವತ್ತು ಫೈಲ್ ತೆರೆದು ಕೂತೆ, ಎದ್ದೆ, ಮತ್ತೆ ಕೂತೆ. ಅಷ್ಟರಲ್ಲಿ, ಪುಟದ ಕೆಳಗಿರುವ ನನ್ನ ನಂಬರಿಗೆ ಆ ಮಗಳೇ ಫೋನ್ ಮಾಡಿದಳು.

“ಅಮ್ಮ ಹೋದ ಸುದ್ದಿ ಈಗ ಗೊತ್ತಾಯ್ತು ಅಕ್ಕ. ಆ ಪುಟ ಎಷ್ಟ್ ಸಲ ನೋಡಿದೀನೋ. ನನ್ ಫೋಟೋ ಕಿತ್ತಾಕಿರೋ ಜಾಗ ಹಂಗೇ ಕಾಣ್ತಿತ್ತು. ಅದಕ್ಕೇ ಬರ್ಲಿಲ್ಲ.”

ಕಿತ್ತದ್ದಲ್ಲ, ನಿನ್ನಮ್ಮ ನಿನಗೆಂದೇ ಬಿಡಿಸಿದ ಜಾಗ ಎಂದೆ. ಆಮೇಲೆ, ಯಾವ ಅಳತೆಯ ಫೋಟೋ ಕಳಿಸಲಿ ಎಂದು ಕೇಳಿದಳು.

ಫೋಟೋ ಬಂದಿದೆ. ಮಾರ್ಜಿನ್ ತೆಗೆದು ಅದನ್ನು ಕೂರಿಸಿದ್ದೇನೆ. ತೋರಿಸೋಣವೆಂದರೆ ಎದುರುಮನೆಯಲ್ಲಿ ಅತ್ತೆ ಇಲ್ಲ.