ನ್ಯೂಟ್ರಾನ್ ನುಂಗಿದ ಪುಡಿ

ರಾಮದುರ್ಗದ ನಮ್ಮ ಓಣಿಯಲ್ಲಿ ಹಿತ್ತಾಳೆ ಬೆಸೆಯುವವನು ಮಹಮ್ಮದಗೌಸ. ಒಡೆದ ಕೊಡ, ಸೀಳಿದ ಬೋಗಾಣಿ, ಏನೇ ತಂದರೂ ಅವನ ಕೈಯಲ್ಲಿ ಕೂಡಿಕೊಳ್ಳುತ್ತಿತ್ತು. ಅವನ ಮಗಳು ಫಿರದೋಸ್ ಧಾರವಾಡದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದಳು. ನಾನು ಅವಳಿಗೆ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಇಂಥ ಹುಡುಗಿ ನಮ್ಮೂರಲ್ಲಿ ಮತ್ತೆ ಹುಟ್ಟುವುದಿಲ್ಲ ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಯಾರಿಗೆ ಬೇಕಾಗಿದೆ!

ನಿಯೋಡಿಮಿಯಂ ಎಂಬ ವಿರಳ ಲೋಹದ ಒಂದು ಸಂಯುಕ್ತ ಅವಳ ವಿಷಯ. ಅದನ್ನು ಕೊರೆಯುವಷ್ಟು ತಣ್ಣಗೆ ಮಾಡಿದರೆ ಒಳಗಿನ ಪರಮಾಣುಗಳು ಪುಟ್ಟ ಪುಟ್ಟ ಅಯಸ್ಕಾಂತಗಳಾಗಿ ಸಾಲು ಹಿಡಿಯುತ್ತವೆ. ಯಾವುದು ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯಬೇಕಾದರೆ ಅದರೊಳಗೆ ನ್ಯೂಟ್ರಾನ್ ಹಾಯಿಸಿ, ಅವು ಚದುರುವ ದಿಕ್ಕು ನೋಡಬೇಕು. ನ್ಯೂಟ್ರಾನ್ ಬೇಕೆಂದರೆ ಮುಂಬಯಿಯ ಅಣುಸ್ಥಾವರಕ್ಕೇ ಹೋಗಬೇಕು. ೧೯೯೭ರಲ್ಲಿ ಅವಳ ಪಾಳಿ ಬಂತು. ಶಿಷ್ಯವೇತನದ ಅವಧಿ ಮುಗಿಯುತ್ತ ಬಂದಿತ್ತು. ಇದು ತಪ್ಪಿದರೆ ಪಿಎಚ್.ಡಿ. ತಪ್ಪಿದಂತೆಯೇ.

ಬಕ್ರೀದ್ ಮುಗಿಸಿ ಮುಂಬಯಿಗೆ ಹೋಗೋಣವೆಂದು ಆ ಸಂಯುಕ್ತದ ಪುಡಿಯ ಸೀಸೆಯೊಂದಿಗೆ ಊರಿಗೆ ಬಂದಳು. ನಮ್ಮ ಬಸ್ಸುಗಳಲ್ಲಿ ಮನುಷ್ಯನ ಎಲುಬೇ ಉಳಿಯುವುದಿಲ್ಲ, ಮುಚ್ಚಳದ ಮೇಣ ಉಳಿದೀತೇ? ಬಿರುಕು ಬಿಟ್ಟಿತ್ತು.

“ಅಬ್ಬಾ, ಗಾಳಿ ಹೊಕ್ಕರ ಇದು ಕೆಡತೈತಿ. ಗಟ್ಟಿ ಮೇಣ ಹಚ್ಚಿ ಕೊಡ್ರಿ,” ಎಂದು ತಂದೆಯ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಅವನು ಹಚ್ಚಿಕೊಟ್ಟ.

ಮುಂಬಯಿಯಲ್ಲಿ ಆ ಪುಡಿ ನ್ಯೂಟ್ರಾನ್‌ಗಳನ್ನು ನುಂಗಿಕೊಂಡು ಕೂತಿತು. ತಣ್ಣಗಾದಂತೆ ಕಾಣಬೇಕಾದ ಅಯಸ್ಕಾಂತದ ಗುರುತು ಕಾಣಲೇ ಇಲ್ಲ. ಪುಡಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಬೋರಾನ್ ಸಿಕ್ಕಿತು. ನ್ಯೂಟ್ರಾನ್ ನುಂಗುವುದರಲ್ಲಿ ಅದರಂಥ ಹೊಟ್ಟೆಬಾಕ ಇನ್ನೊಂದು ಅಪರೂಪ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫಿರದೋಸ್ ಧಾರವಾಡಕ್ಕೆ ಹಿಂದಿರುಗಿ, ಪುಡಿ ಅರೆದುಕೊಟ್ಟಿದ್ದ ಲ್ಯಾಬಿನ ಸಹಾಯಕ ಪರಶುವಿನ ಮೇಲೆ ಎಲ್ಲರೆದುರು ಹರಿಹಾಯ್ದಳು. ಗೈಡ್ ಅವನನ್ನು ಕೆಲಸದಿಂದ ತೆಗೆದರು.

ಅವಳು ಊರಿಗೆ ಬಂದಾಗ ಮಹಮ್ಮದಗೌಸ ನಗುತ್ತಲೇ ಕೇಳಿದ.

“ಮಾಲು ಕೆಟ್ಟಿರಲಿಲ್ಲಲ್ಲ ಬೇಟಿ? ಬರೇ ಮೇಣದ ಮ್ಯಾಲೆ ನನಗ ನಂಬಿಕಿ ಇಲ್ಲ. ಒಳಗ ಎರಡ ಚಿಟಿಕಿ ಬಿಳಿಗಾರ ಹಾಕಿ ಕಲಸಿದ್ನಿ. ಬಿಳಿಗಾರ ಇದ್ದಲ್ಲಿ ಲೋಹಕ್ಕ ಗಾಳಿ ಹತ್ತೂದಿಲ್ಲ.”

ಬೆಸುಗೆಯವರ ಮಟ್ಟಿಗೆ ಅದು ಸುಳ್ಳಲ್ಲ. ಬೆಂಕಿಯಲ್ಲಿ ಕಾದ ಹಿತ್ತಾಳೆಯನ್ನು ಗಾಳಿಯಿಂದ ಕಾಯುವುದು ಆ ಬಿಳಿ ಉಪ್ಪೇ. ಆದರೆ ಅದರಲ್ಲಿ ಇರುವುದು ಬೋರಾನ್.

“ಇಲ್ಲ ಅಬ್ಬಾ, ಕೆಟ್ಟಿರಲಿಲ್ಲ,” ಎಂದಳು.

ಮರುದಿನವೇ ಧಾರವಾಡಕ್ಕೆ ಹೋಗಿ ತಪ್ಪು ತನ್ನದೆಂದು ಒಪ್ಪಿಕೊಂಡಳು. ತಂದೆಯ ಹೆಸರು ಎತ್ತಲಿಲ್ಲ. ಪರಶು ಕೆಲಸಕ್ಕೆ ಮರಳಿದ. ಗೈಡ್ ಮಾತ್ರ ಇವಳ ಮುಖ ನೋಡಲೊಲ್ಲೆನೆಂದರು. ಇನ್ನೊಂದು ಪಾಳಿ ಬರಲಿಲ್ಲ. ಅವಳ ಸಂಯುಕ್ತವನ್ನು ಬೇರೆ ಯಾರೋ ಅಳೆದು ಪ್ರಕಟಿಸಿದರು. ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

“ಅಪ್ಪಗ ಖರೇ ಹೇಳಬಾರದೇನವಾ?” ಎಂದು ಒಮ್ಮೆ ಕೇಳಿದೆ.

“ಹೇಳಿದ್ರ ಅವರು ಮತ್ತ ಬೆಂಕಿ ಮುಂದ ಕುಂಡ್ರತಾರೇನ್ರಿ ಅಕ್ಕೋರ?” ಎಂದು ಅತ್ತುಬಿಟ್ಟಳು.

ಈಗ ಅವಳು ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಬಿಡುವಾದಾಗ ತಂದೆಗೆ ತಿದಿ ಒತ್ತುತ್ತಾಳೆ. ಮೊನ್ನೆ ಕೊಡ ಒಯ್ದಿದ್ದೆ. ಮಹಮ್ಮದಗೌಸ ಗಿರಾಕಿಗಳ ಮುಂದೆ ಎಂದಿನಂತೆ ಕುದಿಯುತ್ತಿದ್ದ.

“ಆ ಧಾರವಾಡದ ಗೈಡ್ ಸರ್, ಹೊಟ್ಟಿಕಿಚ್ಚಿಗೆ ನನ್ನ ಮಗಳ ಕಲಿಕಿ ಹಾಳ ಮಾಡಿದ್ರು. ಹಾಳ ಮಾಡಿದ ಕೈಗೆ ಹುಳ ಬೀಳಲಿ!”

ಫಿರದೋಸ್ ತಿದಿ ಬಿಟ್ಟು ಓಡಿ ಬಂದು ಅವನ ಬಾಯಿ ಮುಚ್ಚಿದಳು.