ಅರಗು ಒಡೆಯದ ಲಕೋಟೆ

ಶಾಂತಾ ಅಕ್ಕೋರ, ನಿಮ್ಮ ಲಕೋಟೆಗಳನ್ನು ಬಿಚ್ಚಿ ಓದಿದವನು ನಾನು. ಗುಟ್ಟು ಬಿಟ್ಟವರು ನಿಮ್ಮ ಶಾಲೆಯ ಗೆಳತಿ ನೀಲಮ್ಮ ಅಕ್ಕೋರಲ್ಲ — ನಾನು. ಒಂದೆರಡಲ್ಲ, ಹನ್ನೊಂದು ಲಕೋಟೆ. ಹನ್ನೆರಡನೆಯದನ್ನು ಬಿಚ್ಚಲಿಲ್ಲ, ಆದರೆ ಟಪಾಲಿಗೂ ಹಾಕಲಿಲ್ಲ. ನಲವತ್ತೈದು ವರ್ಷದಿಂದ ಅದು ನನ್ನ ಟ್ರಂಕಿನ ತಳದಲ್ಲಿ, ನನ್ನ ಹಳೆಯ ಖಾಕಿ ಅಂಗಿಯ ಕೆಳಗಿದೆ. ನೀವು ಒತ್ತಿದ ಕೆಂಪು ಅರಗು ಒಂದು ಚೂರೂ ಬಿರುಕು ಬಿಟ್ಟಿಲ್ಲ.

ನಾನು ಯಾರೆಂದು ನಿಮಗೆ ನೆನಪಿದೆಯೋ ಇಲ್ಲವೋ. ಮುದ್ದೇಬಿಹಾಳದಿಂದ ಇಂಡಿಗೆ ಹೋಗುತ್ತಿದ್ದ ಮುಂಜಾನೆಯ ಬಸ್ಸಿನ ಕಂಡಕ್ಟರ್ ಮಲ್ಲಪ್ಪ. ಎಪ್ಪತ್ತರ ದಶಕದಲ್ಲಿ ನಮ್ಮ ಬಸ್ಸೆಂದರೆ ಅರ್ಧ ಟಪಾಲು ಗಾಡಿಯೇ ಆಗಿತ್ತು. ಬಾಗೇವಾಡಿ, ಹಿಪ್ಪರಗಿ, ಸಿಂದಗಿ ದಾಟಿ ಇಂಡಿಯ ರೈಲು ನಿಲ್ದಾಣ ಮುಟ್ಟುವಷ್ಟರಲ್ಲಿ ನನ್ನ ಚೀಲದಲ್ಲಿ ಹತ್ತು ಹದಿನೈದು ಕಾಗದ ಸೇರಿರುತ್ತಿದ್ದವು. ಊರಿನ ಡಬ್ಬಿಗೆ ಹಾಕಿದರೆ ಎರಡು ದಿನ ತಡ, ಕಂಡಕ್ಟರನ ಕೈಗೆ ಕೊಟ್ಟರೆ ಅದೇ ಸಂಜೆಯ ರೈಲಿಗೆ — ಇದು ಎಲ್ಲರಿಗೂ ತಿಳಿದಿದ್ದ ದಾರಿ. ಯಾರೂ ರಸೀದಿ ಕೇಳುತ್ತಿರಲಿಲ್ಲ. ನಂಬಿಕೆಗೆ ಯಾರು ರಸೀದಿ ಕೇಳುತ್ತಾರೆ?

ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾದ ನೀವು ಪ್ರತಿ ಸೋಮವಾರ ನಿಲ್ದಾಣಕ್ಕೆ ಬಂದು ಒಂದು ದಪ್ಪ ಲಕೋಟೆ ಕೊಡುತ್ತಿದ್ದಿರಿ. ವಿಳಾಸದ ಬದಿಯನ್ನು ಕೆಳಗೆ ಮಾಡಿಯೇ ಕೊಡುತ್ತಿದ್ದಿರಿ.

"ಪರೀಕ್ಷಾದ ಪೇಪರ್ ಅದಾವ್ರಿ. ಜ್ವಾಕಿಲೆ ಒಯ್ಯಿರಿ."

ನಾನು ಅದನ್ನು ನಂಬಿದ್ದೆ. ನನ್ನ ತಲೆಯಲ್ಲಿ ಆಗ ಬೇರೆಯದೇ ಹುಚ್ಚು ತುಂಬಿತ್ತು. ಒಂದು ವಾರಪತ್ರಿಕೆಯಲ್ಲಿ 'ನಾಳೆಯ ದನಿ' ಎಂಬ ವಿಜ್ಞಾನದ ಧಾರಾವಾಹಿ ಬರುತ್ತಿತ್ತು. ಬರೆಯುತ್ತಿದ್ದವರು ಕೃಷ್ಣಾತನಯ ಎಂಬ ಯಾರೋ ಮಹಾಶಯರು. ಕಥೆಯಲ್ಲಿ ನಮ್ಮ ಎರೆಭೂಮಿಯ ಊರುಗಳಂಥದೇ ಒಂದು ಊರು. ಅಲ್ಲಿ ತಂತಿ ಕಚೇರಿಯ ಒಬ್ಬ ಕಾರಕೂನ. ಆಕಾಶದಿಂದ ಅವನ ಹೊಲಕ್ಕೆ ಬಿದ್ದ ಒಂದು ಪೆಟ್ಟಿಗೆ. ಆ ಪೆಟ್ಟಿಗೆಗೆ ಕಿವಿಗೊಟ್ಟರೆ ಊರಿನವರು ನಾಳೆ ಆಡಲಿರುವ ಮಾತು ಇವತ್ತೇ ಕೇಳುತ್ತದೆ. ಪತ್ರಿಕೆಯ ಕಟ್ಟು ಸೋಮವಾರ ಸಂಜೆ ಇಂಡಿಯ ನಿಲ್ದಾಣದಲ್ಲಿ ಇಳಿಯುತ್ತಿತ್ತು, ಮರುದಿನ ಊರೂರಿಗೆ ಹಂಚುವುದು ನನ್ನ ಬಸ್ಸು. ಹಾಗಾಗಿ ನಾಲ್ಕು ತಾಲೂಕಿನಲ್ಲಿ ಎಲ್ಲರಿಗಿಂತ ಮೊದಲು ಓದುವವನು ನಾನೇ ಎಂಬ ಜಂಬ ನನಗಿತ್ತು.

ಓದಿ ಸುಮ್ಮನಿರಲಿಲ್ಲ. ಕಂತು ಕಂತಿಗೂ ನೂರಕ್ಕೆ ಇಷ್ಟು ಎಂದು ಅಂಕ ಹಾಕಿ, ತಪ್ಪು ಒಪ್ಪು ಪಟ್ಟಿ ಮಾಡಿ, ಪತ್ರಿಕೆಗೆ ಕಾರ್ಡು ಬರೆಯುತ್ತಿದ್ದೆ. 'ತೀಕ್ಷ್ಣದೃಷ್ಟಿ, ಇಂಡಿ' ಎಂದು ಸಹಿ. ಮೆಟ್ರಿಕ್ಕಿನಲ್ಲಿ ವಿಜ್ಞಾನದಲ್ಲೇ ನಪಾಸಾದವನು ವಿಜ್ಞಾನದ ಕಥೆಗೆ ಅಂಕ ಕೊಡುತ್ತಿದ್ದೆ — ನಗಬೇಡಿರಿ, ಅಥವಾ ನಗಿರಿ. ಮೊದಲ ಕಂತಿಗೆ ಎಪ್ಪತ್ತೆರಡು. ಎರಡನೆಯದಕ್ಕೆ ಅರವತ್ತು, ಏಕೆಂದರೆ ಕಾರಕೂನ ಹೆದರುವುದು ತಡವಾಯಿತು. ಮೂರನೆಯದಕ್ಕೆ ಬರೀ ನಲವತ್ತೆಂಟು: 'ಪೆಟ್ಟಿಗೆಗೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಲೇಖಕರು ಮರೆತಿದ್ದಾರೆ.' ಆ ಕಾರ್ಡು ಅಚ್ಚಾಯಿತು. ಐದನೆಯ ಕಂತಿನಲ್ಲಿ, ಪೆಟ್ಟಿಗೆ ಬಿಸಿಲು ಕುಡಿದು ಬದುಕುತ್ತದೆ ಎಂದು ಕೃಷ್ಣಾತನಯರು ಬರೆದರು. ನನ್ನ ಮಾತಿಗೆ ಉತ್ತರ! ಆ ದಿನ ನನಗೆ ನೆಲವೇ ಕಾಣಲಿಲ್ಲ. ಸಿಂದಗಿಯ ನಿಲ್ದಾಣದ ಚಹಾದಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ನಿಮ್ಮ ಗುಟ್ಟು ನನಗೆ ತಿಳಿದದ್ದು ಒಂದು ಮಳೆಯಿಂದ. ಬಾಗೇವಾಡಿ ದಾಟಿದ ಮೇಲೆ ಹೊಡೆದ ಮಳೆಗೆ ಬಸ್ಸಿನ ತಗಡು ಸೋರಿ ನನ್ನ ಚೀಲ ನೆನೆಯಿತು. ಹಿಪ್ಪರಗಿಯಲ್ಲಿ ಚಹಾಕ್ಕೆ ನಿಂತಾಗ ಕಾಗದಗಳನ್ನು ಒಲೆಯ ಹತ್ತಿರ ಒಣಗಲಿಟ್ಟೆ. ನಿಮ್ಮ ಲಕೋಟೆಯ ಅಂಟು ತಾನಾಗಿಯೇ ಬಿಟ್ಟಿತ್ತು. ಮೊದಲ ಸಲ ವಿಳಾಸ ನೋಡಿದೆ — ಅದೇ ವಾರಪತ್ರಿಕೆ. ಒಳಗೆ ದುಂಡನೆಯ ಅಕ್ಷರ, ಮೇಲೆ 'ನಾಳೆಯ ದನಿ, ಕಂತು ಏಳು.'

ಅಲ್ಲಿಯೇ ಮುಚ್ಚಬೇಕಿತ್ತು. ಅಷ್ಟಕ್ಕೆ ಮುಚ್ಚಿದ್ದರೆ —

ಮುಚ್ಚಲಿಲ್ಲ. ನಿಂತಲ್ಲೇ ಓದಿದೆ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಮುಂದಿನ ಸೋಮವಾರ ಮಳೆ ಬೇಕಾಗಲಿಲ್ಲ. ಕುದಿಯುವ ಚಹಾದ ಕಿಟ್ಲಿಯ ಬಾಯಿಗೆ ಹಿಡಿದರೆ ಅಂಟು ಹೇಗೆ ಬಿಡುತ್ತದೆ ಎಂಬುದನ್ನು ಕೈ ಕಲಿತಿತ್ತು. ಓದಿ, ಗೋಂದು ಹಚ್ಚಿ, ಒತ್ತಿ, ಸಂಜೆ ನಿಲ್ದಾಣದ ಡಬ್ಬಿಗೆ ಹಾಕುವುದು. ಕಳ್ಳತನ ಎಂದು ಅನಿಸಲಿಲ್ಲ. ಯಾವ ವಸ್ತುವೂ ಕಳೆದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಚ್ಚಾಗಲು ಎರಡು ವಾರ ಇರುವ ಕಥೆ ನನ್ನ ಹೊಟ್ಟೆಯಲ್ಲಿತ್ತು. ಅದು ಹೊಟ್ಟೆಯಲ್ಲಿ ಉಳಿಯಲಿಲ್ಲ. ಚಹಾದಂಗಡಿಯಲ್ಲಿ 'ಮುಂದ ಹಿಂಗ ಆಗತೈತಿ ನೋಡ್ರಿ' ಎಂದು ಊಹಿಸುವವನಂತೆ ಹೇಳುತ್ತಿದ್ದೆ. ಹಾಗೆಯೇ ಆಗುತ್ತಿತ್ತು. ಜನ ಬೆರಗಾಗುತ್ತಿದ್ದರು. ಅದೂ ಸಾಲದೆ ಕಾರ್ಡಿನಲ್ಲೂ ಬರೆಯತೊಡಗಿದೆ: 'ಹತ್ತನೆಯ ಕಂತಿನಲ್ಲಿ ಬಾವಿ ತೋಡುವವನ ಮಗಳು ಪೆಟ್ಟಿಗೆಯನ್ನು ಕಾಣುತ್ತಾಳೆಂದು ನನ್ನ ಅಂದಾಜು.' ಈ ಕಾರ್ಡುಗಳು ಅಚ್ಚಾಗಲಿಲ್ಲ. ನನ್ನ ಅಂದಾಜು ಸಂಪಾದಕರಿಗೆ ಮೆಚ್ಚಿಗೆಯಾಗಿಲ್ಲ ಎಂದುಕೊಂಡು ಇನ್ನಷ್ಟು ಖಚಿತವಾಗಿ ಬರೆದೆ. ಪಾತ್ರಗಳು ಆಡುವ ಮಾತನ್ನೂ ಸೇರಿಸಿದೆ. ದಡ್ಡ ನಾನು. ನಿಮ್ಮ ಲಕೋಟೆಯನ್ನೂ ನನ್ನ ಕಾರ್ಡನ್ನೂ ಅದೇ ಡಬ್ಬಿಗೆ, ಅದೇ ಸಂಜೆ, ಒಂದೇ ಕೈಯಿಂದ ಹಾಕುತ್ತಿದ್ದೆ. ಎರಡಕ್ಕೂ ಇಂಡಿಯದೇ ಮುದ್ರೆ, ಅದೇ ತಾರೀಖು.

ಸಂಪಾದಕರು ಏನೆಂದುಕೊಳ್ಳಬೇಕು? ಮುದ್ದೇಬಿಹಾಳದ ಲೇಖಕರ ಲಕೋಟೆ ಇಂಡಿಯಿಂದ ಬರುತ್ತದೆ, ಇಂಡಿಯ ಅಭಿಮಾನಿಗೆ ಅಚ್ಚಾಗದ ಕಥೆ ಗೊತ್ತಿರುತ್ತದೆ.

ನಿಮ್ಮ ಕಥೆಯೂ ಆಗ ಕತ್ತಲಾಗುತ್ತ ಹೊರಟಿತ್ತು. ನಾಳೆಯನ್ನು ಕದ್ದು ಕೇಳಿದ ಕಾರಕೂನ ಊರಿನಲ್ಲಿ ದೊಡ್ಡ ಭವಿಷ್ಯಗಾರನಾಗುತ್ತಾನೆ. ಆದರೆ ಅವನು ಒಂದೊಂದು ಮಾತು ಮುಂಚಿತವಾಗಿ ಹೇಳಿದಾಗಲೂ ಊರಿನಲ್ಲಿ ಯಾರೋ ಒಬ್ಬರ ದನಿ ನಿಂತುಹೋಗುತ್ತದೆ. ಹನ್ನೊಂದನೆಯ ಕಂತಿಗೆ ನಾನು ಮೂವತ್ತೈದು ಕೊಟ್ಟೆ, ಪಾಸಾಗುವಷ್ಟು ಮಾತ್ರ. 'ಒಬ್ಬನ ತಪ್ಪಿಗೆ ಇನ್ನೊಬ್ಬರು ಬೆಲೆ ತೆರುವುದು ನಂಬುವಂತಿಲ್ಲ' ಎಂದು ಬರೆದೆ. ಈ ಕೈಯಿಂದಲೇ ಬರೆದೆ, ಅಕ್ಕೋರ.

ಹದಿನೇಳನೆಯ ಕಂತು ಓದುವಾಗ ಮೊದಲ ಸಲ ನನಗೆ ಭಯವಾಯಿತು. ಊರವರು ಬಾವಿ ತೋಡುವವನನ್ನು ಹಿಡಿದಿದ್ದಾರೆ, ದನಿ ಕದಿಯುವವನು ಇವನೇ ಎಂದು. ಕಾರಕೂನ ಗುಂಪಿನಲ್ಲಿ ನಿಂತಿದ್ದಾನೆ. ಬಾಯಿ ತೆರೆದರೆ ಅಮಾಯಕ ಉಳಿಯುತ್ತಾನೆ, ತಾನು ಸಿಕ್ಕಿಬೀಳುತ್ತಾನೆ. ಅಲ್ಲಿಗೆ ನಿಲ್ಲಿಸಿದ್ದಿರಿ. ಮುಂದಿನದು ಕೊನೆಯ ಕಂತು.

ಮುಂದಿನ ಸೋಮವಾರ ನೀವು ಬಂದಾಗ ನಿಮ್ಮ ಮುಖ ಸುಣ್ಣ ಬಳಿದಂತಿತ್ತು. ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ನನ್ನನ್ನು ಬೇವಿನ ಮರದ ಕೆಳಗೆ ಕರೆದಿರಿ.

"ಮಲ್ಲಪ್ಪಣ್ಣ, ನಿಮಗ ಸುಳ್ಳ ಹೇಳಿದ್ದೆ. ಇವು ಪರೀಕ್ಷಾದ ಪೇಪರ್ ಅಲ್ರಿ. ನಾ ಕಥಿ ಬರೀತೇನಿ. ಮನ್ಯಾಗ ಅಣ್ಣಗ ಗೊತ್ತಿಲ್ಲ. ನೀಲಾಗ ಒಬ್ಬಾಕಿಗೇ ಗೊತ್ತು, ಆಕಿನ ಶುದ್ಧ ಪ್ರತಿ ಮಾಡಿಕೊಡತಾಳ."

"ಕಥೀನಾರಿ?" ಎಂದೆ. ಆಶ್ಚರ್ಯಪಟ್ಟವನಂತೆ ಹುಬ್ಬನ್ನೂ ಏರಿಸಿದೆ.

"ಇಂಡ್ಯಾಗ ಒಬ್ಬ ಓದುಗ ಅದಾನ್ರಿ. ಭಾಳ ಛಲೋ ನೋಡತಾನ. ಆತಗ ಹೆದರೇ ನಾ ಒಂದೊಂದು ಕಂತು ಎರಡೆರಡು ಸಲ ಬರೀತಿದ್ದೆ. ಈಗ ಸಂಪಾದಕರು ಕಾಗದಾ ಹಾಕ್ಯಾರ. ಆತ ಅಂದ್ರ ನಾನ ಅಂತ. ಯಾರ ಕೈಲೋ ಬರಿಸಿ, ನನ್ನ ಕಥೀಗೆ ನಾನ ಕಾರ್ಡ್ ಹಾಕಾಕತ್ತೇನಿ ಅಂತ." ನನ್ನ ಚೀಲದ ಕಡೆ ನೋಡಿದಿರಿ. "ಖರೇ ಹೇಳ್ರಿ. ಲಕೋಟಿ ದಾರ್ಯಾಗ ಯಾರ ಕೈಗರೆ ಸಿಗತಾವೇನು?"

ಅಕ್ಕೋರ, ಆಗ ನನ್ನ ಮುಂದೆ ಎರಡು ದಾರಿಗಳೂ ತೆರೆದೇ ಇದ್ದವು. ಟಪಾಲು ಬಿಚ್ಚಿದ ಕಂಡಕ್ಟರನಿಗೆ ನೌಕರಿ ಇರುವುದಿಲ್ಲ, ಜೈಲೂ ಆಗಬಹುದು. ಅದು ಒಂದು ಭಯ. ಇನ್ನೊಂದನ್ನು ಹೇಳಲು ಈಗಲೂ ನಾಚಿಕೆ — ಆ ಛಲೋ ನೋಡುವ ಓದುಗ ಒಬ್ಬ ಕಳ್ಳ ಎಂದು ನಿಮಗೆ ತಿಳಿಯುವುದು ನನಗೆ ಬೇಡವಾಗಿತ್ತು.

"ಇಲ್ರಿ ಅಕ್ಕೋರ," ಎಂದೆ. "ನನ್ನ ಚೀಲ ಬಿಟ್ರ ಡಬ್ಬಿ. ನಡುವ ಯಾರೂ ಇಲ್ಲ."

ನೀವು ಮೆಲ್ಲಗೆ ಅಂದಿರಿ: "ಹಂಗಾರ ನೀಲಾನ ಯಾರ ಮುಂದರೆ ಬಾಯಿ ಬಿಟ್ಟಿರಬೇಕು."

ಆಗಲಾದರೂ ಬಾಯಿ ತೆರೆಯಬಹುದಿತ್ತು.

ಲಕೋಟೆ ಕೊಟ್ಟಿರಿ. ಅದರ ಬೆನ್ನಿಗೆ ಮೊದಲ ಸಲ ಅರಗು ಒತ್ತಿದ್ದಿರಿ. "ಇದು ಕಡೀ ಕಂತು. ನಾ ಮೋಸಾ ಮಾಡಿಲ್ಲ ಅಂತ ಸಂಪಾದಕರಿಗೊಂದು ಕಾಗದಾನೂ ಒಳಗ ಇಟ್ಟೇನಿ. ಇದೊಂದು ಮುಟ್ಟಲೇಬೇಕ್ರಿ."

ದಾರಿಯುದ್ದಕ್ಕೂ ಅದು ಚೀಲದಲ್ಲಿ ಭಾರವಾಗಿತ್ತು. ಹಿಪ್ಪರಗಿಯಲ್ಲಿ ಚಹಾಕ್ಕೆ ಇಳಿಯಲಿಲ್ಲ. ಸಂಜೆ ಇಂಡಿಯ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟು ಬಿಚ್ಚಿದಾಗ ಹದಿನಾರನೆಯ ಕಂತು ಇರಬೇಕಾದ ಜಾಗದಲ್ಲಿ ನಾಲ್ಕು ಸಾಲು ಇದ್ದವು: ತನ್ನ ಬರಹಕ್ಕೆ ತಾನೇ ಅಭಿಮಾನಿಯಾಗಿ ಪತ್ರ ಬರೆದುಕೊಂಡ ಲೇಖಕರ ಧಾರಾವಾಹಿಯನ್ನು ನಿಲ್ಲಿಸಲಾಗಿದೆ, ಓದುಗರು ಕ್ಷಮಿಸಬೇಕು. ಡಬ್ಬಿಯ ಮುಂದೆ ನಿಂತೆ. ನಿಮ್ಮ ಕಾಗದ ಹೋದರೆ ಅವರಿಗೆ ಅನುಮಾನ ಬರುತ್ತದೆ, ವಿಚಾರಣೆ ನಡೆಯುತ್ತದೆ, ಮುದ್ದೇಬಿಹಾಳಕ್ಕೂ ಇಂಡಿಗೂ ನಡುವೆ ಯಾರಿದ್ದಾರೆ ಎಂದು ಹುಡುಕುತ್ತಾರೆ. ಹುಡುಕಿದರೆ ಸಿಗುವವನು ಒಬ್ಬನೇ. ರೈಲು ಬಂತು, ಹೋಯಿತು. ಲಕೋಟೆ ಚೀಲದಲ್ಲೇ ಉಳಿಯಿತು. ನಿಮ್ಮಿಂದ ಉತ್ತರ ಬಾರದ್ದನ್ನು ಅವರು ತಪ್ಪೊಪ್ಪಿಗೆ ಎಂದೇ ತಿಳಿದಿರಬೇಕು.

ನೀವು ಆಮೇಲೆ ಬರೆಯಲಿಲ್ಲ. ಕೃಷ್ಣಾತನಯರ ಹೆಸರನ್ನು ಎಲ್ಲಿಯೂ ನೋಡಲಿಲ್ಲ, ನೋಡುತ್ತಲೇ ಇದ್ದೆ. ನಾನೂ ಕಾರ್ಡು ಬರೆಯುವುದನ್ನು ನಿಲ್ಲಿಸಿದೆ. ಆದರೆ ನನ್ನದು ನಿಂತರೆ ಲೋಕಕ್ಕೇನು ನಷ್ಟ?

ಬೇಸಿಗೆ ರಜೆ ಮುಗಿದ ಮೇಲೆ ನೀಲಮ್ಮ ಅಕ್ಕೋರು ತಾವೇ ಕೇಳಿಕೊಂಡು ಸಿಂದಗಿಗೆ ವರ್ಗ ಮಾಡಿಸಿಕೊಂಡರು. ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ. ಬೀಳ್ಕೊಡಲು ನೀವು ಬಂದಿರಲಿಲ್ಲ. ಬಸ್ಸು ಹೊರಡುವವರೆಗೂ ಅವರು ಶಾಲೆಯ ರಸ್ತೆಯ ಕಡೆಗೇ ನೋಡುತ್ತಿದ್ದರು. ಟಿಕೀಟು ಹರಿದು ಕೊಟ್ಟು ಹಿಂದಿನ ಸೀಟುಗಳ ಕಡೆ ಹೋದೆ. ಸಿಂದಗಿಯಲ್ಲಿ ಇಳಿಯುವಾಗ ಅವರು ಅಂದರು:

"ಮಲ್ಲಪ್ಪಣ್ಣ, ನೀವು ದಿನಾ ಆ ಊರಿಗೆ ಹೋಗಾವ್ರು. ಶಾಂತಾ ಸಿಕ್ಕರ ಒಂದ ಮಾತ ಹೇಳ್ರಿ. ನೀಲಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ ಅಂತ ಹೇಳ್ರಿ. ಅಷ್ಟ."

"ಹೇಳ್ತೇನ್ರಿ ಅಕ್ಕೋರ," ಎಂದೆ.

ಹೇಳಲಿಲ್ಲ. ನಿಮ್ಮನ್ನು ಎಷ್ಟು ಸಲ ನೋಡಿದೆ! ನೀವು ನನ್ನ ಬಸ್ಸಿನಲ್ಲಿ ಬಾಗೇವಾಡಿಗೆ ಹೋಗುತ್ತಿದ್ದಿರಿ, ಸಂತೆಯಲ್ಲಿ ಸಿಗುತ್ತಿದ್ದಿರಿ, ನನ್ನ ಮಕ್ಕಳು ಹೇಗಿದ್ದಾರೆಂದು ವಿಚಾರಿಸುತ್ತಿದ್ದಿರಿ. ಅವರನ್ನು ಸಾಕಿದ್ದು ಆ ಸುಳ್ಳು ಉಳಿಸಿದ ನೌಕರಿಯೇ. ಈಗ ತಿನ್ನುವ ಪಿಂಚಣಿಯೂ ಅದರದೇ.

ಹೋದ ತಿಂಗಳು ಸಿಂದಗಿಗೆ ಹೋಗಿದ್ದೆ. ನೀಲಮ್ಮ ಅಕ್ಕೋರು ತೀರಿಕೊಂಡರಂತೆ. ಮದುವೆಯಾಗಿರಲಿಲ್ಲ, ಅವರ ತಮ್ಮನ ಮಗ ಹೇಳಿದ. ಕೊನೆಯ ದಿನಗಳಲ್ಲಿ ಮುದ್ದೇಬಿಹಾಳದಿಂದ ಯಾರಾದರೂ ಬಂದಿದ್ದಾರೆಯೇ ಎಂದು ಕೇಳುತ್ತಿದ್ದರಂತೆ. ಯಾರು ಬರಬೇಕಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆಗಲೂ ಅವನ ಎದುರು ಚಹಾ ಕುಡಿದು ಸುಮ್ಮನೆ ಎದ್ದು ಬಂದೆ.

ಆ ಕೊನೆಯ ಕಂತನ್ನು ನಾನು ಓದಿಲ್ಲ. ಗುಂಪಿನಲ್ಲಿ ನಿಂತ ಕಾರಕೂನ ಬಾಯಿ ತೆರೆದನೋ ಇಲ್ಲವೋ ನನಗೆ ಗೊತ್ತಿಲ್ಲ. ಎಷ್ಟೋ ಸಲ ಲಕೋಟೆಯನ್ನು ಕೈಗೆತ್ತಿಕೊಂಡಿದ್ದೇನೆ. ಅವನು ನಿಜ ಹೇಳಿದ್ದರೆ ನಾನು ಅವನ ಮುಂದೆ ಹೇಗೆ ನಿಲ್ಲಲಿ? ಹೇಳದಿದ್ದರೆ — ನೀವು ನನ್ನನ್ನು ನೋಡಿಯೇ ಬರೆದಿರಿ ಎಂದಾಗುತ್ತದೆ. ಎರಡೂ ಭಯವೇ.

ಈ ಸೋಮವಾರ ಇಂಡಿಯಿಂದ ಮುದ್ದೇಬಿಹಾಳಕ್ಕೆ ಮುಂಜಾನೆಯ ಬಸ್ಸಿಗೆ ಹತ್ತುತ್ತೇನೆ. ಲಕೋಟೆಯನ್ನು ನಿಮ್ಮ ಕೈಯಲ್ಲೇ ಇಡುತ್ತೇನೆ. ನಾನು ಬರೆದ ಈ ಕಾಗದವನ್ನೂ ಟಪಾಲಿಗೆ ಹಾಕುವುದಿಲ್ಲ, ನಾನೇ ನಿಂತು ಓದಿ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊಸ್ತಿಲ ಮೇಲಿಟ್ಟು ಬರುತ್ತೇನೆ. ಕ್ಷಮಿಸಿರಿ ಎಂದು ಕೇಳುವುದಿಲ್ಲ. ಆ ಮಾತನ್ನು ಕೇಳಬೇಕಾಗಿದ್ದ ಇನ್ನೊಬ್ಬರು ಈಗಿಲ್ಲ.

ಅವರು ಕೊಟ್ಟು ಕಳಿಸಿದ್ದು ಮಾತ್ರ ನನ್ನ ಹತ್ತಿರ ಬಾಕಿ ಇದೆ. ಲಕೋಟೆಗಿಂತ ಮೊದಲು ಅದನ್ನೇ ಮುಟ್ಟಿಸಬೇಕು.

ಶಾಂತಾ ಅಕ್ಕೋರ, ನೀಲಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ.