ಭುಜದ ಅಳತೆಗೆ ಹ್ಯಾಂಡಲ್ ಕೂರಿಸುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಪೆಟ್ರೋಲ್ ಬಂಕಿನ ಹಿಂಗೋಡೆಗೆ ಆತುಕೊಂಡ ತಗಡಿನ ಶೆಡ್ಡಿನಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಪಾರ್ಸೆಲ್ ಹಂಚುವ ನಡುವಯಸ್ಸಿನವನೊಬ್ಬ ಬೈಕಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾನೆ. ಕೊರಳಿಗೆ ದರ್ಜಿಯ ಟೇಪು ಹಾಕಿಕೊಂಡ ಹೆಂಗಸು ಪಕ್ಕದಲ್ಲಿ ನಿಂತಿದ್ದಾರೆ. "ಭುಜ ಸಡಿಲ ಬಿಡು. ಎದುರಿಗೆ ಬಾಗಿಲಿದೆ ಅಂದ್ಕೊಂಡು ಎರಡೂ ಕೈಲಿ ಮೆತ್ತಗೆ ತಳ್ಳು" ಅನ್ನುತ್ತಾರೆ. ಅವನು ತಳ್ಳುತ್ತಾನೆ. ಕೈಗಳು ಹ್ಯಾಂಡಲ್‌ಗಿಂತ ಒಂದು ಗೇಣು ಮೇಲೆ, ನಾಲ್ಕು ಬೆರಳಿನಷ್ಟು ಎದೆಯ ಕಡೆಗೆ, ಗಾಳಿಯಲ್ಲೇ ನಿಲ್ಲುತ್ತವೆ.

"ನೋಡು, ನಿನ್ನ ಕೈ ಇರೋ ಜಾಗ ಇದು. ನೀನು ಅದನ್ನ ದಿನಾ ಎಳ್ಕೊಂಡು ಹೋಗಿ ಅಲ್ಲಿಡ್ತೀಯ. ಮಣಿಕಟ್ಟು ನೋಯದೆ ಇನ್ನೇನಾಗುತ್ತೆ?"

ಇವರಿಗೆ ಹ್ಯಾಂಡಲ್ ಅಕ್ಕ ಎಂದೇ ಹೆಸರು. ವಯಸ್ಸು ಐವತ್ತೊಂದು. ಶೆಡ್ಡಿಗೆ ಬೋರ್ಡಿಲ್ಲ, ಬಂದವರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಾರೆ, ಅಷ್ಟೆ. ಬರುವವರೆಲ್ಲ ದಿನಕ್ಕೆ ಹತ್ತು ಹನ್ನೆರಡು ಗಂಟೆ ಗಾಡಿಯ ಮೇಲೇ ಬದುಕುವವರು. ದಿನಕ್ಕೆ ಎಂಟು ಗಾಡಿ, ಒಂದೊಂದಕ್ಕೂ ಒಂದು ಗಂಟೆ. ಒಂಬತ್ತನೆಯವರು ಎಷ್ಟು ಗೋಗರೆದರೂ ನಾಳೆಯೇ ಬರಬೇಕು. ಅರ್ಧಕ್ಕರ್ಧ ಜನ ಚಂದಕ್ಕೆಂದು ತಗ್ಗಿನ ಹ್ಯಾಂಡಲ್ ಹಾಕಿಸಿಕೊಂಡು, ಮೈಭಾರವನ್ನೆಲ್ಲ ಅಂಗೈ ಮೇಲೆ ಹೇರಿಕೊಂಡು ಬಂದವರು. ಕೆಲವರದು ಇದರ ಉಲ್ಟಾ. ಕೈಗಳನ್ನು ಗಿಡುಗನ ರೆಕ್ಕೆಯಂತೆ ಎತ್ತಿಕೊಂಡು ಹೋಗುವ ಎತ್ತರದ ಹ್ಯಾಂಡಲ್. "ಮೊಣಕೈ ಚೂರು ಮಡಚಿರ್ಬೇಕು, ಮಣಿಕಟ್ಟು ನೆಟ್ಟಗಿರ್ಬೇಕು. ಇಷ್ಟೇ ವಿದ್ಯೆ. ಹೇಳಿದ್ರೆ ಕೋಣನ ಮುಂದೆ ಕಿನ್ನರಿ" ಎಂದು ನಗುತ್ತಾರೆ.

ಅಕ್ಕ ಇಪ್ಪತ್ತು ವರ್ಷ ಅಂಗಿ ಹೊಲಿದವರು. ತಾಯಿ ಹೋದ ಮೇಲೆ ಒಂಬತ್ತು ವರ್ಷ ಚಿಕ್ಕವನಾದ ತಮ್ಮನನ್ನು ಸಾಕಿದ್ದೇ ಆ ಹೊಲಿಗೆ ಯಂತ್ರ. ತಮ್ಮ ಬೆಳೆದು ಪಾರ್ಸೆಲ್ ಹಂಚುವ ಕೆಲಸ ಹಿಡಿದ. ಮನೆಗೆ ಬಂದಾಗ ಬೆರಳು ಜೋಮು ಹಿಡಿದು ನೀರಿನ ಲೋಟ ಜಾರಿ ಬೀಳುತ್ತಿತ್ತು. "ಅಂಗಿಗೆ ಅಳತೆ ತಗೊಳ್ತೀವಿ, ಹ್ಯಾಂಡಲ್‌ಗೆ ಯಾಕೆ ತಗೊಳ್ಳಲ್ಲ ಅನ್ನಿಸ್ತು" ಎನ್ನುತ್ತಾರೆ ಅಕ್ಕ. ಗುಜರಿಯಲ್ಲಿ ಹುಡುಕಿ ಸರಿಯಾದದ್ದೊಂದು ತಂದು ಹಾಕಿಸಿದರು. ತಿಂಗಳಲ್ಲಿ ನೋವು ಹೋಯಿತು. ಅವನ ಜೊತೆಯವರು ಬಂದರು, ಅವರ ಜೊತೆಯವರೂ ಬಂದರು. ಅಕ್ಕ ಸ್ಪ್ಯಾನರ್ ಹಿಡಿದರು, ಹೊಲಿಗೆ ಯಂತ್ರ ಮೂಲೆ ಸೇರಿತು.

ಆಮೇಲಿನದನ್ನು ಅಕ್ಕ ಕೆಲಸ ನಿಲ್ಲಿಸಿ ಹೇಳುತ್ತಾರೆ. ಆರು ವರ್ಷದ ಹಿಂದೆ ತಮ್ಮ ಬಂದು, ಇನ್ನೆರಡು ಇಂಚು ಎತ್ತರ ಮಾಡಕ್ಕಾ ಎಂದ. ಮಾಡಿಕೊಟ್ಟರು. ಆಕ್ಸಿಲರೇಟರಿನ ಕೇಬಲ್ ಮಾತ್ರ ಹಳೆಯದನ್ನೇ ಬಿಟ್ಟರು. ನೇರ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಮೂರನೆಯ ದಿನ ಗೋಡೌನಿನ ಗೇಟಿನಲ್ಲಿ ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಗಿಡ್ಡ ಕೇಬಲ್ ಬಿಗಿದು ಆಕ್ಸಿಲರೇಟರ್ ತಾನೇ ಎಳೆದುಕೊಂಡಿತು. ಗಾಡಿ ಮುಂದಕ್ಕೆ ಹಾರಿ, ರಿವರ್ಸ್ ಬರುತ್ತಿದ್ದ ಲಾರಿಯ ಚಕ್ರಕ್ಕೆ ಸಿಕ್ಕಿತು. ತಮ್ಮನ ಬಲಗಾಲು ಮಂಡಿಯವರೆಗೆ ಹೋಯಿತು.

"ಅಂಗಿ ಹೊಲಿದು ಕೊಟ್ಮೇಲೆ ಕೈ ಎತ್ತಿ ನೋಡಿ, ಎಲ್ಲಾದ್ರೂ ಹಿಡಿಯುತ್ತಾ ಅಂತ ಕೇಳ್ತೀವಿ. ಇಪ್ಪತ್ತು ವರ್ಷ ಕೇಳಿದೀನಿ. ಅವತ್ತು ಗಾಡಿಗೆ ಕೇಳ್ಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಾನು ಮಾಡಿದ್ದನ್ನ ಅವನು ಉಂಡ."

ಆ ತಮ್ಮ ಈಗ ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದಾರೆ, ಊರುಗೋಲು ಗೋಡೆಗೊರಗಿದೆ. ಪ್ರತಿ ಗಾಡಿಯೂ ಹೊರಡುವ ಮುಂಚೆ ಎಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಎಡ ತುದಿಗೂ ಬಲ ತುದಿಗೂ ಹತ್ತು ಸಲ ತಿರುಗಿಸಬೇಕೆಂಬುದು ಇಲ್ಲಿಯ ಕಟ್ಟಳೆ. ಅಕ್ಕ ತಿರುಗಿಸುತ್ತಾರೆ, ತಮ್ಮ ಕಿವಿಗೊಟ್ಟು ಕೇಳುತ್ತಾರೆ. ಇವತ್ತು ಪಾರ್ಸೆಲಿನವನ ಗಾಡಿಯಲ್ಲಿ ನಾಲ್ಕನೆಯ ಸಲಕ್ಕೇ ಅವರ ತಲೆ ಮೇಲೆದ್ದಿತು. "ಅಕ್ಕಾ, ಎಳೀತಿದೆ."

ಎಂಜಿನಿನ ಸದ್ದು ಏರಿದ್ದು ನಮ್ಮ ಕಿವಿಗೆ ಕೇಳಿರಲಿಲ್ಲ. ಅಕ್ಕನ ಕೈಗೂ ತಿಳಿದಿರಲಿಲ್ಲ, ಮತ್ತು ನಿಜವಾದ ಸಂಕಟ ಇರುವುದು ಅಲ್ಲೇ. ಅವರ ಎರಡೂ ಕೈಗಳ ಕೊನೆಯ ಎರಡೆರಡು ಬೆರಳು ಮರಗಟ್ಟಿವೆ, ಹೆಬ್ಬೆರಳೂ ಅದೇ ದಾರಿ ಹಿಡಿದಿದೆ. ಸ್ಪ್ಯಾನರ್ ಬಿಡದಿದ್ದರೆ ವರ್ಷದೊಳಗೆ ಸೂಜಿಯನ್ನೂ ಹಿಡಿಯಲಾರಿರಿ ಎಂದಿದ್ದಾರೆ ಡಾಕ್ಟರು. ಊರವರ ಕೈ ಉಳಿಸಲು ಹೋಗಿ ಇವರು ಸ್ವಂತ ಕೈ ಕಳೆದುಕೊಳ್ಳುತ್ತಿದ್ದಾರೆ.

ಶೆಡ್ಡಿನ ಹಿಂದೆ ಟಾರ್ಪಾಲಿನಡಿ ಒಂದು ಸ್ಕೂಟರ್ ಇದೆ. ಹಿಂಬದಿಗೆ ಎರಡು ಪುಟ್ಟ ಚಕ್ರ ಸೇರಿಸಿದ್ದಾರೆ, ಬ್ರೇಕೆಲ್ಲ ಕೈಯಲ್ಲೇ. ಹ್ಯಾಂಡಲ್ ಒಂದನ್ನು ಬಿಟ್ಟು ಎಲ್ಲವೂ ಸಿದ್ಧ. ತಮ್ಮನಿಗೆಂದು ಮಾಡಿ ವರ್ಷವಾಯಿತು. ಅಳತೆ ಕೊಡಲೂ ಅವರು ಒಮ್ಮೆಯೂ ಹತ್ತಿಲ್ಲ. ಯಾಕೆ ಎಂದು ಕೇಳಿದರೆ ಹೇಳುತ್ತಾರೆ: "ಅಕ್ಕನ ಮೇಲೆ ಕೋಪ ಇಲ್ಲ ಸಾರ್. ಗಾಡಿ ಮೇಲೆ ಕೂರೋದನ್ನ ನೆನೆಸ್ಕೊಂಡ್ರೆ ಸಾಕು, ಆ ಇಲ್ಲದ ಕಾಲು ಬ್ರೇಕ್ ಹುಡುಕುತ್ತೆ."

ಅಕ್ಕ ಕೇಬಲನ್ನು ಬೇರೆ ದಾರಿಯಲ್ಲಿ ತಂದು ಮತ್ತೆ ಒಂದರಿಂದ ಎಣಿಸುತ್ತಾರೆ. ಹತ್ತಾದ ಮೇಲೆ ತಮ್ಮ ತಲೆಯಾಡಿಸುತ್ತಾರೆ, ಪಾರ್ಸೆಲಿನವನು ಹೊರಡುತ್ತಾನೆ. ಅಕ್ಕ ಬಂದವರ ಅಳತೆ ಬರೆದಿಡುವ ಪುಸ್ತಕದ ಮೊದಲ ಹಾಳೆ ತಮ್ಮನದೇ. ಅದರ ಪ್ರಕಾರ ಸ್ಕೂಟರಿಗೆ ಹ್ಯಾಂಡಲ್ ಕೂರಿಸಿಬಿಡಬಹುದಲ್ಲ ಎಂದು ಕೇಳಿದೆವು. ಅಕ್ಕ ಬೆರಳುಗಳನ್ನು ಒಂದೊಂದಾಗಿ ಉಜ್ಜಿಕೊಳ್ಳುತ್ತ, ತಮ್ಮನಿಗೂ ಕೇಳುವಂತೆ ಹೇಳಿದರು:

"ಹಳೇ ಅಳತೆ ಈಗ ಆಗಲ್ಲ. ಊರುಗೋಲು ಊರಿ ಊರಿ ಅವನ ಬಲಭುಜ ಒಂದು ಇಂಚು ಮೇಲೆ ಹೋಗಿದೆ. ಗಾಡಿ ಮೇಲೆ ಐದು ನಿಮಿಷ ಕೂತ್ಕೊಂಡು, ಕಣ್ಮುಚ್ಚಿ ಆ ಬಾಗಿಲು ತಳ್ಳಿದ್ರೆ ಸಾಕು. ಅಷ್ಟು ಕೆಲಸಕ್ಕೆ ಈ ಬೆರಳು ಇನ್ನೂ ಆಗುತ್ತೆ."